ಐಸ್ ಗಾಡಿಯ ಹಾಡು

ಉಪ್ಪಾರಹಳ್ಳಿ, ತುಮಕೂರು
೯ ಏಪ್ರಿಲ್ ೨೦೦೭, ಸೋಮವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ನೇತ್ರಾಳ ನಮಸ್ಕಾರ. ಮನೆಯಲ್ಲಿ ಫೋನ್ ಇರುವಾಗ ಇವಳಿಗೇಕೆ ಕಾಗದದ ಹುಚ್ಚು ಎಂದುಕೊಳ್ಳುತ್ತೀಯ. ಫೋನಿನಲ್ಲಿ ನೀನು ನಗಿಸಿಬಿಡುತ್ತೀಯಮ್ಮ. ನಾನೂ ನಕ್ಕು, ಹೇಳಬೇಕಾದ್ದನ್ನು ನುಂಗಿಕೊಂಡು ಇಟ್ಟುಬಿಡುತ್ತೇನೆ. ನಿನ್ನೆಯೂ ಹಾಗೇ ಆಯಿತು. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಪಾಪುವಿಗೆ ಈಗಲೂ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಆಟ. ನನ್ನ ಕಣ್ಣು ಉರಿಯುತ್ತಿದೆ. ಇವರು ಹಿರೇಹಳ್ಳಿಯ ಫ್ಯಾಕ್ಟರಿಗೆ ಹೋದರು. ಕೃತಿಕಾ ಪಕ್ಕದ ಮನೆಯಲ್ಲಿ ಆಡುತ್ತಿದ್ದಾಳೆ. ನಿದ್ದೆಗೆಟ್ಟವಳ ತಲೆಬಿಸಿ ಎಂದು ಇದನ್ನು ತಳ್ಳಿಹಾಕಬೇಡ. ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ.

ನಮ್ಮ ರಸ್ತೆಗೆ ಈಚೆಗೆ ಸಂಜೆ ಹೊತ್ತು ಐಸ್‌ಕ್ರೀಮ್ ಗಾಡಿ ಬರುತ್ತದೆ. ಸಾಮಾನು ಸಾಗಿಸುವ ಆಟೋಗೆ ಬಣ್ಣ ಬಳಿದು, ಮೇಲೊಂದು ಸ್ಪೀಕರ್ ಕಟ್ಟಿದ್ದಾರೆ. ಅದರ ಟಿಣಿಟಿಣಿ ಕಿವಿಗೆ ಬಿದ್ದರೆ ಸಾಕು, ನಾನು ಗುಬ್ಬಿಯ ನಮ್ಮ ಬೀದಿಯಲ್ಲಿ ಲಂಗ ಎತ್ತಿಕೊಂಡು ಓಡುತ್ತಿರುತ್ತೇನೆ. ಚಿಕ್ಕರಂಗಯ್ಯನ ಮೂರು ಚಕ್ರದ ನೀಲಿ ಗಾಡಿ, ಪೋಂ ಪೋಂ ಹಾರ್ನು, ಮುಚ್ಚಳ ತೆಗೆದರೆ ಮುಖಕ್ಕೆ ರಾಚುತ್ತಿದ್ದ ತಣ್ಣನೆಯ ಹೊಗೆ! ಕೆಂಪು ಐಸ್ ತಿಂದು ನನಗೆ ಜ್ವರ ಬಂದರೆ ನೀನು, “ಇನ್ನೊಂದ್ಸಲ ಆ ಗಾಡಿ ಹಿಂದೆ ಓಡು, ಕಾಲ್ ಮುರಿದು ಕೈಗೆ ಕೊಡ್ತೀನಿ” ಅನ್ನುತ್ತಿದ್ದೆ. ಜ್ವರ ಬಿಟ್ಟ ಮಾರನೇ ದಿನ ನೀನೇ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ, ಕರಗಿದ್ದು ದಂಡವಾಗದಿರಲಿ ಎಂದು.

ಆಗ ಬೀದಿಯ ಮಕ್ಕಳೆಲ್ಲ ಸೇರಿ ಹಾಡುತ್ತಿದ್ದೆವಲ್ಲ:

ಕರಿಯಣ್ಣ ಕರಿಯಣ್ಣ ಐಸು ಕೊಡಣ್ಣ,
ಕೈಯ ಬಣ್ಣ ಮೆತ್ಕೊಂಡ್ರೆ ನಮಗೆ ಬ್ಯಾಡಣ್ಣ!

ಅವನ ಹೆಸರು ಕರಿಯಣ್ಣ ಅಲ್ಲವೆಂದು ನಮಗೆಲ್ಲ ಗೊತ್ತಿತ್ತು. ಬಣ್ಣ ನೋಡಿ ನಾವೇ ಇಟ್ಟ ಹೆಸರು. ಅವನೂ ನಗುತ್ತಾ ಹಾಡಿಗೆ ಸರಿಯಾಗಿ ಹಾರ್ನ್ ಒತ್ತುತ್ತಿದ್ದ. ನಾನು ಪಾಪುವಿನ ಬಾಣಂತನಕ್ಕೆ ಬಂದಿದ್ದಾಗ ನೀನು ಕೃತಿಕಾಳ ತಲೆಗೆ ಎಣ್ಣೆ ಒತ್ತುತ್ತಾ ಇದೇ ಹಾಡು ಹೇಳುತ್ತಿದ್ದೆ. ಕೊನೆಯಲ್ಲಿ ಅವಳ ಕೆನ್ನೆ ಚಿವುಟುತ್ತಿದ್ದೆ. ಅವಳು ಕೇಕೆ ಹಾಕಿ ನಗುತ್ತಿದ್ದಳು.

ಶನಿವಾರ ಗಾಡಿ ಬಂದಾಗ ಅವಳಿಗೊಂದು ಹಾಲಿನ ಐಸ್ ಕೊಡಿಸಿದೆ. ಫ್ರಾಕಿನ ಅಂಚನ್ನು ಕೈಗೆ ಸುತ್ತಿಕೊಂಡು ಕಡ್ಡಿ ಹಿಡಿದಳು. “ಯಾಕೇ ಪುಟ್ಟಿ, ತಣ್ಣಗಿದ್ಯಾ?” ಎಂದೆ. “ಇಲ್ಲಮ್ಮ, ನನ್ ಬಣ್ಣ ಮೆತ್ಕೊಳುತ್ತೆ” ಎಂದಳು. ಗಾಡಿಯವನು, “ಏನಕ್ಕಾ ನಿಮ್ ಮಗಳು ಇಷ್ಟ್ ಕಿಲಾಡಿ ಮಾತಾಡ್ತಾಳೆ!” ಎಂದು ನಕ್ಕ. ನನಗೆ ನಗು ಬರಲಿಲ್ಲ. ಚಿಕ್ಕರಂಗಯ್ಯನೂ ಕೈಗೆ ಬಟ್ಟೆ ಸುತ್ತಿಕೊಂಡೇ ಐಸ್ ತೆಗೆಯುತ್ತಿದ್ದ, ನೆನಪಿದೆಯಾ? ಚಳಿಗೆ ಇದ್ದರೂ ಇರಬಹುದು. ಅವನ ವಿಷಯ ನನಗೆ ಗೊತ್ತಿಲ್ಲ, ಯಾರೂ ಕೇಳಲಿಲ್ಲ. ಕೃತಿಕಾಳ ವಿಷಯ ಗೊತ್ತು, ನಾನು ಕೇಳಿದೆ. ಅಂದು ರಾತ್ರಿ ಮೊಸರನ್ನಕ್ಕೆ ಚಮಚ ಬೇಕೆಂದಳು. ಪಾಪು ಬೆಳ್ಳಗಿದ್ದಾನಲ್ಲ, ಅವನನ್ನು ಬರಿಗೈಯಲ್ಲಿ ಮುಟ್ಟುತ್ತಿಲ್ಲ. ದೂರ ಕೂತು ಗಿಲಕಿ ಆಡಿಸುತ್ತಾಳೆ.

ನೀನು ಏನನ್ನುತ್ತೀಯ ಎಂದು ನನಗೆ ಗೊತ್ತು. “ನಮ್ ಮನೆದೇವ್ರೇ ಕರಿಯಮ್ಮ ಕಣೇ! ನೀವು ಕಾಲೇಜ್ ಮೆಟ್ಟಿಲು ಹತ್ತಿದೋರು ಎಲ್ಲಾದಕ್ಕೂ ಹುಳುಕು ತೆಗೀತೀರ. ನೀನೂ ಅದನ್ನೇ ಹಾಡ್ಕೊಂಡ್ ಬೆಳೆದೆ, ಏನಾಯ್ತು ನಿಂಗೆ?”

ಕೃತಿಕಾಳನ್ನು ಕರಿಯಮ್ಮ ಎಂದು ಬಾಯ್ತುಂಬ ಕರೆ, ನಾನು ಬೇಡ ಅನ್ನುವುದಿಲ್ಲ. ಅದು ಕೈಮುಗಿಯುವ ಹೆಸರು. ಹಾಗೆ ಕರೆದಾಗ ಅವಳು ಎದೆ ಉಬ್ಬಿಸಿ ನಿಲ್ಲುತ್ತಾಳೆ. ಆ ಹಾಡು ಹೇಳುವ ಮಾತೇ ಬೇರೆ. ಆ ಬಣ್ಣ ಕೊಳೆ, ಮುಟ್ಟಿದರೆ ಅಂಟುತ್ತದೆ ಎನ್ನುತ್ತದೆ. ಇನ್ನು ನನಗೆ ಏನೂ ಆಗಲಿಲ್ಲ, ನಿಜ. ಯಾಕೆಂದರೆ ನಾನು ಅಪ್ಪನ ಬಣ್ಣ. ಆ ಹಾಡು ಒಂದು ದಿನವೂ ನನ್ನ ಕಡೆ ತಿರುಗಲಿಲ್ಲ. ಕೃತಿಕಾ ನಿನ್ನ ಬಣ್ಣ, ಅಮ್ಮ.

ಆ ಗಾಡಿ, ಆ ಹಾರ್ನು, ಆ ಹೊಗೆ ಯಾವುದನ್ನೂ ನಾನು ಬಿಟ್ಟುಕೊಡುವುದಿಲ್ಲ. ಅವಳಿಗೂ ಎಲ್ಲ ಹೇಳುತ್ತೇನೆ, ಚಿಕ್ಕರಂಗಯ್ಯನ ಹೆಸರು ಹಿಡಿದು. ಹಾಡು ಮಾತ್ರ ನಮ್ಮ ಮನೆಯಲ್ಲಿ ಇನ್ನಿಲ್ಲ.

ಭಾನುವಾರ ಇವರು ಅವಳನ್ನು ಗುಬ್ಬಿಗೆ ಕರೆತರುತ್ತಾರೆ. ರಜೆ ಮುಗಿಯುವವರೆಗೆ ನಿನ್ನ ಹತ್ತಿರ ಇರಲಿ ಎಂದೇ ನನ್ನ ಆಸೆ. ಆದರೆ ಇದು ನಿನಗೆ ತಮಾಷೆಯಾಗಿ ಕಂಡರೆ ಈಗಲೇ ಹೇಳಿಬಿಡು, ಕುಣಿಗಲ್ಲಿನಲ್ಲಿ ನಮ್ಮತ್ತೆ “ಮಗೂನ ಇಲ್ಲಿಗೆ ಕಳ್ಸಮ್ಮ” ಎಂದು ದಿನಾ ಫೋನ್ ಮಾಡುತ್ತಿದ್ದಾರೆ, ಅಲ್ಲಿಗೆ ಕಳಿಸುತ್ತೇನೆ. ಸಿಟ್ಟಾಗಬೇಡ. ನಾಲ್ಕು ವರ್ಷದ ಮಗುವಿನ ವಿಷಯದಲ್ಲಿ ನಾನು ದಾಕ್ಷಿಣ್ಯ ನೋಡುವುದಿಲ್ಲ. ಇದನ್ನು ನಿನ್ನಿಂದಲೇ ಕಲಿತದ್ದು.

“ಇನ್ಮೇಲೆ ಹಾಡಲ್ಲ” ಎಂದು ಅವಳ ಮುಂದೆ ಹೇಳಬೇಡ, ಅದು ಇನ್ನಷ್ಟು ತಲೆಗೆ ಹತ್ತುತ್ತದೆ. ಮಧ್ಯಾಹ್ನ ಅವಳ ಮುಂದೆ ಒಂದು ತಟ್ಟೆ ಅನ್ನ, ಮೊಸರು ಇಟ್ಟು, ಅವಳ ಕೈಯಲ್ಲೇ ಕಲಸಿಸು. ನಾಲ್ಕು ತುತ್ತು ಮಾಡಿಸಿ ನಿನ್ನ ಬಾಯಿಗೆ ಹಾಕಿಸಿಕೊಂಡು ತಿನ್ನು. ನಾನು ತಿಂದು ನೋಡಿದೆ, ಸಾಲಲಿಲ್ಲ. “ನೀನು ಅಮ್ಮ, ಸುಮ್ನೆ ತಿಂತೀಯ. ಅಜ್ಜಿ ತಿನ್ನಲ್ಲ” ಎಂದುಬಿಟ್ಟಳು. ಹಾಡು ಯಾರ ಬಾಯಿಂದ ಬಂತೋ ಅದೇ ಬಾಯಿ ತಿನ್ನಬೇಕು.

ನೀನು ಗಾಬರಿಯಾಗಬೇಡ. ಅವಳು ಆಗಲೇ ಅರ್ಧ ಮರೆತಿದ್ದಾಳೆ. ಅಜ್ಜಿ ಮನೆ ಎಂದರೆ ಕುಣಿಯುತ್ತಾಳೆ. ಅಪ್ಪನಿಗೆ ಬಿ.ಪಿ. ಮಾತ್ರೆ ತಪ್ಪಿಸದಂತೆ ನೋಡಿಕೋ. ಪಾಪು ಎದ್ದ, ಇಷ್ಟಕ್ಕೇ ನಿಲ್ಲಿಸುತ್ತೇನೆ.

ನಿನ್ನ ಮೇಲೆ ಜಗಳವಿರುವ, ಪ್ರೀತಿ ಅದಕ್ಕಿಂತ ಜಾಸ್ತಿ ಇರುವ ಮಗಳು,
ನೇತ್ರಾವತಿ

ಮತ್ತೊಂದು: ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಕೃತಿಕಾ ನೀರು ಕುಡಿಯಲು ಒಳಗೆ ಬಂದಳು. ಯಾರಿಗೆ ಎಂದು ಕೇಳಿದಳು. ಅಜ್ಜಿಗೆ ಎಂದೆ. “ಸೋಪ್ ಹಾಕಿ ಚೆನ್ನಾಗ್ ತಿಕ್ಕೊಂಡೇ ಬರ್ತೀನಿ ಅಂತ ಬರಿ. ಆಗ ಅಜ್ಜಿ ನನ್ ಕೈ ಹಿಡ್ಕೊಬೋದು” ಎಂದಳು. ಅವಳು ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ಭಾನುವಾರ ಬಸ್ ಸ್ಟ್ಯಾಂಡಿಗೆ ಅಪ್ಪನನ್ನು ಕಳಿಸಬೇಡ, ನೀನೇ ಬಾ.