ಒಂಬತ್ತು ಸ್ಟೆತಾಸ್ಕೋಪು

ಶನಿವಾರ, ಫೆಬ್ರವರಿ 3

ಬಿಪಿ ಪಟ್ಟಿ ಇವತ್ತೂ ಕೈಕೊಟ್ಟಿತು. ಗಾಳಿ ತುಂಬಿದಷ್ಟೂ ಸೋರುತ್ತದೆ, ನನ್ನ ಹಾಗೆ. ಕನ್ನಡಕದವಳ ಪಟ್ಟಿ ಕೇಳಿ ತಗೊಂಡೆ. ಅವಳು ಕ್ಲಾಸ್‌ಮೇಟ್. ಕನ್ನಡಕ ಸದಾ ಮೂಗಿನ ತುದಿಯಲ್ಲೇ ಬಿಡಾರ ಹೂಡಿರುವುದರಿಂದ ಆ ಹೆಸರು.

ಲಾಂಡ್ರಿಯ ಕ್ಯಾಂಟೀನ್ ಹಾಲ್‌ನಲ್ಲಿ ಬೆಳಗಿನಿಂದ ನಿಂತೇ ಇದ್ದೆ. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟ್ ಒಗೆಯುವ ದೊಡ್ಡ ಲಾಂಡ್ರಿ ಇದು. ವಾರ ಬಿಟ್ಟು ವಾರ ನಮ್ಮ ಫ್ರೀ ಹೆಲ್ತ್ ಕ್ಯಾಂಪ್. ಕಮ್ಯುನಿಟಿ ಸರ್ವಿಸ್ ಮುಗಿಸದೆ ಕಾಲೇಜು ಬಿಡುವ ಹಾಗಿಲ್ಲ. ನಾವು ಒಂಬತ್ತು ಜನ ಫಿಜಿಷಿಯನ್ ಅಸಿಸ್ಟೆಂಟ್ ವಿದ್ಯಾರ್ಥಿಗಳು, ನಮ್ಮನ್ನು ಕಾಯಲು ಒಬ್ಬರು ಮೇಡಂ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಅಮ್ಮ ಫೋನಿನಲ್ಲಿ ನೆಂಟರಿಗೆಲ್ಲ ಹೇಳುವುದು — "ನಮ್ಮ ಹುಡುಗಿ ಮುಕ್ಕಾಲು ಡಾಕ್ಟರು. ಉಳಿದ ಕಾಲು ಮುಂದಿನ ವರ್ಷ ಬರುತ್ತೆ."

ಆದರೆ ಇವತ್ತು!! ಇವತ್ತು ನಾನು ಪೂರ್ತಿ ಡಾಕ್ಟರು!

ಮಧ್ಯಾಹ್ನ ಒಬ್ಬಳು ಬಂದಳು. ಸ್ಟೀಮ್ ಪ್ರೆಸ್ಸಿನಲ್ಲಿ ಕೆಲಸ. ಮದುವೆಯಾಗಿ ಐದು ತಿಂಗಳಾದರೂ ಲಾಂಡ್ರಿಯಲ್ಲಿ ಎಲ್ಲರೂ ಕರೆಯುವುದು ಹೊಸ ಸೊಸೆ ಅಂತಲೇ. ಗಂಡ ಲಾಂಡ್ರಿ ವ್ಯಾನಿನ ಡ್ರೈವರ್, ಅತ್ತೆ ಬಟ್ಟೆ ಮಡಚುವ ವಿಭಾಗದ ಹಿರಿತಲೆ. ನಾನೂ ಏಳು ವಾರದ ಮದುಮಗಳು ಅಂದದ್ದೇ ತಡ, ಇಬ್ಬರಿಗೂ ನಗು.

"ನಿಮ್ಮೋರು ಗೊರಕೆ ಹೊಡೀತಾರಾ?"

"ಗೊತ್ತಿಲ್ಲ. ಪ್ರಿಂಟಿಂಗ್ ಪ್ರೆಸ್ಸಲ್ಲಿ ನೈಟ್ ಶಿಫ್ಟು. ಅವರು ಮಲಗೋ ಹೊತ್ತಿಗೆ ನಾನು ಬಸ್ಸಲ್ಲಿ ಇರ್ತೀನಿ."

"ಪುಣ್ಯ ಮಾಡಿದ್ರಿ. ನಮ್ಮೋರು ಹೊಡೆದ್ರೆ ವ್ಯಾನ್ ಸ್ಟಾರ್ಟ್ ಆದಂಗೆ."

ಮೆಟ್ಟಿಲು ಹತ್ತಿದರೆ ಉಸಿರು ಸಾಲುವುದಿಲ್ಲ ಎಂದಳು. ಎಡಕ್ಕೆ ಹೊರಳಿಸಿ, ಎದೆಯ ಕೆಳತುದಿಗೆ ಸ್ಟೆತಾಸ್ಕೋಪ್ ಇಟ್ಟೆ. ಲಬ್-ಡಬ್. ಆಮೇಲೆ, ಏನೂ ಕೇಳಿಸಬಾರದ ಜಾಗದಲ್ಲಿ, ಮಂದವಾಗಿ ಗುಡುಗುಡು... ದೂರದಲ್ಲಿ ಲಾರಿ ಹೋದ ಹಾಗೆ. ಕವಾಟ ಕಿರಿದಾದ ಹೃದಯದ ಸದ್ದು! ಪುಸ್ತಕದಲ್ಲಿ ಓದಿ ಓದಿ ಕಣ್ಣು ನೋಯಿಸಿಕೊಂಡಿದ್ದೆವು, ಕಿವಿಗೆ ಬಿದ್ದಿದ್ದು ಇದೇ ಮೊದಲು. ಪರದೆ ಸರಿಸಿ ಕೂಗಿಯೇ ಬಿಟ್ಟೆ — "ಬನ್ರೋ, ಬೇಗ ಬನ್ನಿ, ಕ್ಲಾಸಿಕ್ ಮರ್ಮರ್!" ಎಂಟೂ ಜನ ಓಡಿಬಂದರು. ಒಬ್ಬೊಬ್ಬರಾಗಿ ಇಟ್ಟು ಕೇಳಿದರು. "ವಾವ್." "ಸಿಕ್ತು, ಸಿಕ್ತು." "ಇನ್ನೊಂದ್ಸಲ ಪ್ಲೀಸ್." ಮೇಡಂ ಹೊರಗೆ ಫೋನಿನಲ್ಲಿದ್ದರು. ಬಂದು ಕೇಳಿ ತಲೆಯಾಡಿಸಿದರು. ನಾನು ಹೇಳಿದ್ದೇ ಸರಿ!!

ಕಾಲು ಸೇದುತ್ತಿದೆ. ಶೂ ಬಿಚ್ಚಲೂ ಕೈ ಬರುತ್ತಿಲ್ಲ. ಆದರೂ ಎಷ್ಟು ಖುಷಿ ಅಂದರೆ...

ಭಾನುವಾರ, ಫೆಬ್ರವರಿ 4. ಬೆಳಿಗ್ಗೆ

ನನ್ನ ಗಂಡ ನೈಟ್ ಶಿಫ್ಟ್ ಮುಗಿಸಿ ಬಂದಾಗ ಬಾಗಿಲಲ್ಲೇ ತಡೆದು ಹೇಳಿದೆ. ನಟನೆ ಸಮೇತ — ಎಡಕ್ಕೆ ಹೊರಳಿದ್ದು, ಗುಡುಗುಡು, ಎಂಟು ಜನ, ವಾವ್. ಬೆರಳಿಗೆಲ್ಲ ಶಾಯಿ, ಕಣ್ಣು ಅರ್ಧ ಮುಚ್ಚಿದೆ ಪಾಪ. ಆದರೂ ಪೂರ್ತಿ ಕೇಳಿದ. ನನ್ನ ಮುದ್ದು ಕರಡಿ.

"ಅವಳೇನಂದ್ಲು?"

"ಯಾರು?"

"ಆ ಹುಡುಗಿ."

ಏನಂದಳು? ಏನೂ ಅನ್ನಲಿಲ್ಲ. ಸೀಲಿಂಗ್ ನೋಡುತ್ತಿದ್ದಳು. ಆಮೇಲೆ ಎದ್ದು ರವಿಕೆ ಸರಿಮಾಡಿಕೊಂಡು... ಯಾವಾಗ ಹೋದಳು? ನಾನು ಕನ್ನಡಕದವಳ ಜೊತೆ ಕುಣಿಯುತ್ತಿದ್ದೆ.

ಅವನು ಮಲಗಿದ.

ಮಂಗಳವಾರ, ಫೆಬ್ರವರಿ 6

ಮೇಡಂ ಕರೆದು ಕೂರಿಸಿದರು. ಕೂಗಾಡಿದ್ದರೆ ಚೆನ್ನಾಗಿತ್ತು. ಅವರೂ ದಣಿದಿದ್ದರು.

"ಕಂಡುಹಿಡಿದಿದ್ದಕ್ಕೆ ಹತ್ತಕ್ಕೆ ಹತ್ತು. ಒಬ್ಬಳನ್ನ ಮಲಗಿಸಿ ಒಂಬತ್ತು ಜನ ಸಾಲು ನಿಂತಿರಲ್ಲ, ಅದಕ್ಕೆ ಏನು ಕೊಡ್ಲಿ? ಹೊರಗಡೆ ಬೆಂಚಲ್ಲಿ ಇಪ್ಪತ್ತು ಜನ ಕೂತಿದ್ರು. ಪರದೆ ಅಂದ್ರೆ ಎರಡು ಬೆಡ್‌ಶೀಟು. ನಾನು ಫೋನ್ ಇಟ್ಟು ಬರಬೇಕಿತ್ತು, ಅದು ನನ್ನ ತಪ್ಪು. ಕೇಳಿದ್ರಾ ಅವಳನ್ನ, ಇವರೂ ನೋಡಬಹುದಾ ಅಂತ?"

ಕೇಳಿರಲಿಲ್ಲ.

ಲಾಂಡ್ರಿಯ ಸೂಪರ್‌ವೈಸರ್ ಫೋನ್ ಮಾಡಿದ್ದರಂತೆ. ಒಂಬತ್ತು ಡಾಕ್ಟರು ಸೇರಿ ನೋಡಿ ಕೈಚೆಲ್ಲಿದರು ಅಂತ ಸಂಜೆಯೊಳಗೆ ಎಲ್ಲರ ಬಾಯಲ್ಲೂ ಅದೇ ಮಾತು. ಹೊಸ ಸೊಸೆಯನ್ನು ಪ್ರೆಸ್ಸಿನಿಂದ ಬಿಡಿಸಿ ಮನೆಗೆ ಕಳಿಸಿದ್ದಾರೆ.

ಹೃದಯದ ಆಸ್ಪತ್ರೆಯಲ್ಲಿ 22ಕ್ಕೆ ಸ್ಕ್ಯಾನ್ ಮಾಡಿಸಲು ಮೇಡಂ ಮಾತಾಡಿದ್ದಾರೆ. ಬಿಟ್ಟಿಯಾಗಿ. ಕವಾಟ ಎಷ್ಟು ಕಿರಿದಾಗಿದೆ ಗೊತ್ತಾದರೆ ದಾರಿಯಿದೆ, ಬಲೂನ್ ಹಾಕಿ ಅಗಲ ಮಾಡುತ್ತಾರೆ. ಗೊತ್ತಾಗದೆ ಇದ್ದರೆ ಒಂದು ದಿನ ಶ್ವಾಸಕೋಶಕ್ಕೆ ನೀರು ತುಂಬಿ... ಬರೆಯುವುದಿಲ್ಲ. ಅವಳು ಫೋನ್ ಎತ್ತುತ್ತಿಲ್ಲ. "ಕರೆತರೋ ಜವಾಬ್ದಾರಿ ನಿಮ್ಮದು" ಅಂದರು ಮೇಡಂ. "ಒಬ್ರೇ ಹೋಗಿ, ದಂಡು ಕಟ್ಕೊಂಡು ಹೋಗ್ಬೇಡಿ."

ಬುಧವಾರ, 7

ಎತ್ತಲಿಲ್ಲ.

ಗುರುವಾರ, 8

ಎತ್ತಿದರು. ಗಂಡಸಿನ ದನಿ. "ರಾಂಗ್ ನಂಬರ್" ಎಂದು ಇಟ್ಟರು. ಹಿಂದೆ ವ್ಯಾನಿನ ಹಾರ್ನ್ ಕೇಳಿಸಿತು.

ಸೋಮವಾರ, ಫೆಬ್ರವರಿ 12

ಕ್ಲಾಸ್ ಮುಗಿಸಿ ಎರಡು ಬಸ್ ಬದಲಾಯಿಸಿ ಅವರ ಮನೆಗೆ. ಲಾಂಡ್ರಿಯ ಹಿಂದಿನ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ನನಗೇ ಏದುಸಿರು. ಇವಳು ದಿನಾ ಹೇಗೆ ಹತ್ತುತ್ತಿದ್ದಳೋ.

ಬಾಗಿಲು ತೆಗೆದಿದ್ದು ಅತ್ತೆ. ಲಾಂಡ್ರಿಯವರ ಬಾಯಲ್ಲಿ ದೊಡ್ಡಮ್ಮ. ಬಾಗಿಲಿಗೆ ಅಡ್ಡವಾಗಿ ನಿಂತರು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವರ ಹಿಂದೆ ಕೋಣೆಯ ಪರದೆ ಅಲ್ಲಾಡಿತು.

"ಇನ್ನೂ ಎಂಟು ಜನ ಎಲ್ಲಿ? ಮೆಟ್ಟಿಲ ಕೆಳಗಿದ್ದಾರಾ?"

"ಒಬ್ಳೇ ಬಂದೆ, ಅಮ್ಮಾ. ಒಂದು ಸ್ಕ್ಯಾನ್—"

"ನೀವು ಬರೋವರೆಗೂ ಚೆನ್ನಾಗಿದ್ಲಲ್ಲ. ನನ್ನ ಸರಿಸಮ ದುಡೀತಿದ್ಲು. ನೀವು ಕೈ ಇಟ್ರಿ, ಹಾಸಿಗೆ ಹಿಡಿದ್ಲು."

"ಮೊದಲಿಂದ ಇತ್ತಮ್ಮಾ. ಚಿಕ್ಕ ವಯಸ್ಸಲ್ಲಿ ಜ್ವರ ಬಂದು—"

"ಮೊದಲಿಂದ ಇತ್ತಾ?" ದನಿ ತಗ್ಗಿಸಿದರು. ಅದೇ ಭಯವಾಗಿದ್ದು. "ಹಾಗಾದ್ರೆ ಅವರಪ್ಪ ಅಮ್ಮ ಮುಚ್ಚಿಟ್ಟು ಕೊಟ್ರು ಅನ್ನಿ."

ಅಯ್ಯೋ. ಬಾಯಿ ಬಿಟ್ಟರೆ ಬಣ್ಣಗೇಡು. ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವುದೇ ಇಲ್ಲ, ಎಷ್ಟೋ ಜನಕ್ಕೆ ಹೀಗೆ — ಏನೇನೋ ತೊದಲಿದೆ. ಅರ್ಧ ಇಂಗ್ಲಿಷು. ದೊಡ್ಡಮ್ಮ ಪೂರ್ತಿ ಕೇಳಿ, "ತವರಿಗೆ ಕಳಿಸ್ತೀನಿ. ಕೊಟ್ಟೋರೇ ನೋಡ್ಕೊಳ್ಲಿ" ಎಂದು ಬಾಗಿಲು ಹಾಕಿದರು. ದಡಾರನೆ ಅಲ್ಲ, ಮೆಲ್ಲಗೆ. ಮಲಗಿದವರಿಗೆ ಎಚ್ಚರವಾಗದ ಹಾಗೆ.

ವಾಪಸ್ ಬಸ್ಸಿನಲ್ಲಿ ನಿಂತೇ ನಿದ್ದೆ. ಸ್ಟಾಪ್ ತಪ್ಪಿತು.

ಶನಿವಾರ, ಫೆಬ್ರವರಿ 17

ಕ್ಯಾಂಪಿಗೆ ಯಾರೂ ಬರಲಿಲ್ಲ. ಒಂಬತ್ತು ಜನ, ಒಂಬತ್ತು ಕುರ್ಚಿ, ಮಿಷನ್ನಿನ ಸದ್ದು. ವಾಚ್‌ಮನ್ ಮಾತ್ರ ಬಂದ. "ವಿಟಮಿನ್ ಇದ್ರೆ ಕೊಡಿ. ಎದೆ ಮುಟ್ಬೇಡಿ." ಕನ್ನಡಕದವಳಿಗೆ ನಗು ಬಂತು, ನನಗೆ ಬರಲಿಲ್ಲ. ನಮ್ಮ ಬಿಪಿ ನಾವೇ ನೋಡಿಕೊಂಡೆವು. ನನ್ನದು ಜಾಸ್ತಿ.

ಸಂಜೆ ಎಲ್ಲರೂ ಹೋದ ಮೇಲೆ ಮತ್ತೆ ಆ ಕಟ್ಟಡಕ್ಕೆ ಹೋದೆ. ಎರಡನೇ ಮಹಡಿಯ ತಿರುವಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ನೀರಿನ ಕ್ಯಾನ್.

"ನಿಮ್ಮನ್ನ ಕಾಯ್ತಾ ಕೂತಿಲ್ಲ" ಎಂದಳು. "ಉಸಿರಿಗೆ ಕೂತಿದ್ದೀನಿ."

ನಾನೂ ಕೂತೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ, ಎಂಥ ಚಂದದ ಮಾತುಗಳು. ಒಂದೂ ನೆನಪಾಗಲಿಲ್ಲ. ಕೇಳದೆ ಎಲ್ಲರನ್ನೂ ಕರೆದೆ, ತಪ್ಪಾಯಿತು ಎಂದೆ. ಅಷ್ಟೇ.

"ಆ ಉದ್ದನೆ ಹುಡುಗನ ಕೈ ಐಸ್ ಥರ ಇತ್ತು. ಉಜ್ಜಿ ಬೆಚ್ಚಗೆ ಮಾಡ್ಕೊಳ್ಳೋಕೆ ಹೇಳಿ."

"ಹೇಳ್ತೀನಿ."

ಕೆಳಗೆ ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು.

"ಒಂಬತ್ತು ಜನ ಕೇಳಿದ್ರಿ. ಮೇಡಂ ಸೇರಿ ಹತ್ತು. ವಾವ್ ಅಂದ್ರಿ. ಏನ್ ಕೇಳಿಸ್ತು ಅಂತ ನಂಗೊಬ್ರೂ ಹೇಳ್ಲಿಲ್ಲ. ನಂದೇ ಅಲ್ವಾ ಅದು?"

ಸ್ಟೆತಾಸ್ಕೋಪ್ ಅವಳ ಕಿವಿಗೆ ಹಾಕಿದೆ. ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ, "ಇಡ್ಲಾ?" ಎಂದು ಕೇಳಿ, ಇಟ್ಟೆ. ಕಣ್ಣು ಮುಚ್ಚಿದಳು. ಯಾರೋ ತರಕಾರಿ ಚೀಲ ಹಿಡಿದು ನಮ್ಮನ್ನು ದಾಟಿ ಹೋದರು. ಅವಳು ಕದಲಲಿಲ್ಲ.

"ಗುಡುಗುಡು ಅಂತಿದೆ."

"ಹೂಂ."

"ಇದಕ್ಕಾ ವಾವ್ ಅಂದಿದ್ದು?"

ಅಳು ಬಂತು. ನನಗೆ. ಅವಳಿಗಲ್ಲ.

ಒಳಗೊಂದು ಬಾಗಿಲು ಪೂರ್ತಿ ತೆರೆಯುತ್ತಿಲ್ಲ, ರಕ್ತ ನುಗ್ಗಿ ಹೋಗುವ ಸದ್ದು ಅದು ಎಂದೆ. ಆ ಬಾಗಿಲು ಎಷ್ಟು ಕಿರಿದಾಗಿದೆ ಎನ್ನುವುದನ್ನು ಗುರುವಾರದ ಸ್ಕ್ಯಾನ್ ಮಾತ್ರ ಹೇಳುತ್ತದೆ. ಇದು ನಿನ್ನ ತಪ್ಪಲ್ಲ, ಅಪ್ಪ-ಅಮ್ಮನ ತಪ್ಪೂ ಅಲ್ಲ. ಇಂಗ್ಲಿಷ್ ಒಂದು ಪದವೂ ಬರಲಿಲ್ಲ, ಬೇಕೂ ಆಗಲಿಲ್ಲ.

ಆಗ ಹೇಳಿದಳು. ಎರಡು ತಿಂಗಳಿಂದ ಮುಟ್ಟಾಗಿಲ್ಲ. ಗಂಡನಿಗೂ ಹೇಳಿಲ್ಲ. ತವರಿಗೆ ಕಳಿಸುವ ಮಾತು ನಡೆಯುತ್ತಿರುವಾಗ ಹೇಳಿದರೆ, ಉಳಿಯಲು ಹೂಡಿದ ಆಟ ಎಂದುಕೊಳ್ಳುತ್ತಾರಂತೆ.

ಇಬ್ಬರಿಗಾಗುವಷ್ಟು ರಕ್ತ, ಅದೇ ಅರ್ಧ ತೆರೆದ ಬಾಗಿಲು. ದಿನ ಕಳೆದಷ್ಟೂ ಭಾರ. ಮುಚ್ಚಿಡಲಿಲ್ಲ, ಎಲ್ಲ ಹೇಳಿದೆ. ಕೈ ಹಿಡಿದುಕೊಂಡೇ ಹೇಳಿದೆ.

"ಮಗು ತೆಗೀಬೇಕು ಅಂತಾರಾ?"

"ಗೊತ್ತಿಲ್ಲ. ನಂಗೆ ನಿಜವಾಗ್ಲೂ ಗೊತ್ತಿಲ್ಲ. ಅದಕ್ಕೇ ಬೇಗ ತೋರಿಸ್ಬೇಕು."

"ಅತ್ತೆಗೆ ನೀವು ಹೇಳ್ಬೇಡಿ. ನಾನೇ ಹೇಳ್ತೀನಿ. ಹೇಳೋ ಧೈರ್ಯ ಬಂದ್ರೆ ಗುರುವಾರ ಬರ್ತೀನಿ. ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂದ್ಕೊಳ್ಳಿ."

ನೀರಿನ ಕ್ಯಾನ್ ನಾನು ಹೊತ್ತೆ. ಬಾಗಿಲವರೆಗೆ ಬಿಡಲಿಲ್ಲ. ಕೊನೆಯ ಐದಾರು ಮೆಟ್ಟಿಲು ತಾನೇ ಎತ್ತಿಕೊಂಡು ಹೋದಳು.

ಭಾನುವಾರ, 18

ಅವನಿಗೆ ಇವತ್ತು ರಜೆ. ಏಳು ವಾರ ಹೋಗಿ ಒಂಬತ್ತಾಯಿತು ಮದುವೆಯಾಗಿ, ಇಬ್ಬರೂ ಒಟ್ಟಿಗೆ ಕಂಡ ಎರಡನೇ ಭಾನುವಾರ. ಸಿನಿಮಾ ಟಿಕೆಟ್ ತಂದಿದ್ದ, ನನ್ನ ಚಿನ್ನ! ಹೀರೋ ಬರುವ ಮೊದಲೇ ಇಬ್ಬರಿಗೂ ನಿದ್ದೆ. ಲೈಟ್ ಹಾಕಿದಾಗ ಹಿಂದಿನ ಸಾಲಿನವರು ಎಬ್ಬಿಸಿದರು. ಇವನು ಗೊರಕೆ ಹೊಡೆಯುತ್ತಾನಂತೆ. ಇಡೀ ಥಿಯೇಟರಿಗೆ ಗೊತ್ತಾಗಿದೆ.

ದಾರಿಯಲ್ಲಿ ಅವಳ ವಿಷಯ ಬಾಯಿಗೆ ಬಂತು. ನುಂಗಿದೆ. ಅವಳದು, ನನ್ನದಲ್ಲ. "ಯಾಕೆ ಸುಮ್ನಾದೆ? ಹುಷಾರಿದ್ದೀಯ ತಾನೇ?" ಎಂದು ಹಣೆ ಮುಟ್ಟಿ ನೋಡಿದ. ಮುಕ್ಕಾಲು ಡಾಕ್ಟರ ಗಂಡ.

ಬುಧವಾರ, 21

ಟೆಸ್ಟ್ ಇತ್ತು. ಹೃದಯದ್ದೇ. ಏನು ಬರೆದೆನೋ. ನಾಳೆ.

ಗುರುವಾರ, ಫೆಬ್ರವರಿ 22. ಬೆಳಿಗ್ಗೆ 8

ಆಸ್ಪತ್ರೆಯ ಮುಂಬಾಗಿಲು. ಬಿಳಿ ಕೋಟು ಹಾಕಿಕೊಂಡು ಬಂದಿದ್ದೇನೆ, ದೂರದಿಂದಲೇ ಗುರುತು ಸಿಗಲಿ ಎಂದು. ಪ್ರತಿ ಆಟೋ ನಿಂತಾಗಲೂ ಹೆಜ್ಜೆ ಮುಂದೆ ಇಡುತ್ತೇನೆ. ವೀಲ್‌ಚೇರಿನ ಅಜ್ಜ. ಹೂವು ಹಿಡಿದ ಹುಡುಗ. ಎರಡು ಸಲ ಯಾರೋ ನನ್ನನ್ನೇ ಡಾಕ್ಟರೆಂದುಕೊಂಡು ದಾರಿ ಕೇಳಿದರು.

9.30

ಬಂದಿಲ್ಲ. ಸಣ್ಣ ಗೋಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅವಳ ಸರದಿ ಬರುವ ಹೊತ್ತು. ಮೇಡಂಗೆ ಏನು ಮೆಸೇಜ್ ಮಾಡಲಿ? ಮೂರು ಸಲ ಟೈಪ್ ಮಾಡಿ ಅಳಿಸಿದೆ. ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂದ್ಕೊಳ್ಳಿ. ಹೇಗೆ ಅಂದುಕೊಳ್ಳಲಿ?

ಸ್ಕ್ಯಾನ್ ರೂಮಿನ ಹೊರಗೆ

ಬೆನ್ನ ಹಿಂದೆ ದನಿ. ಹೊರಗಿನಿಂದಲ್ಲ, ಒಳಗಿನಿಂದ!

"ಇಲ್ಲೇನು ಕಂಬದ ಥರ ಕೂತಿದ್ದೀರಿ? ನಾವು ಬಂದು ಯಾವ ಕಾಲವಾಯ್ತು."

ದೊಡ್ಡಮ್ಮ. ಕಣ್ಣ ಕೆಳಗೆ ಕಪ್ಪು, ರಾತ್ರಿಯೆಲ್ಲ ಮಲಗಿದ ಹಾಗಿಲ್ಲ.

"ಬಾಗಿಲಲ್ಲೇ ಇದ್ದೆನಲ್ಲಮ್ಮಾ, ಕಾಣ್ಲೇ ಇಲ್ಲ—"

"ಹಿಂದಗಡೆಯಿಂದ ಬಂದ್ವಿ. ಮಗ ಬೆಡ್‌ಶೀಟ್ ಇಳಿಸೋಕೆ ದಿನಾ ಬರ್ತಾನಲ್ಲ, ಅದೇ ವ್ಯಾನಲ್ಲಿ. ಮುಂದಿನ ಬಾಗಿಲಿಂದ ಬಂದ್ರೆ, ನಿಮ್ಮ ಬಿಳಿ ಕೋಟು ಕಂಡು, ಇವಳೆಲ್ಲಿ ವಾಪಸ್ ಓಡ್ತಾಳೋ ಅಂತ."

ಅವರೇ ಮುಂದುವರಿಸಿದರು, ಬೇರೆಲ್ಲೋ ನೋಡುತ್ತಾ.

"ಹೇಳಿದ್ಲು. ಎಲ್ಲಾ ಹೇಳಿದ್ಲು. ಎರಡು ಜೀವದೋಳು ಮೂರು ಮಹಡಿ ನೀರು ಹೊತ್ತವಳೆ, ನಾನು ನೋಡ್ತಾ ಕೂತಿದ್ದೆ." ಮೂಗು ಒರೆಸಿಕೊಂಡರು. "ಈಗ ಒಳಗೆ ಕರೆದಿದ್ದಾರೆ. ನೀವಿದ್ರೇನೇ ಮಲಗ್ತೀನಿ ಅಂತ ಹಟ. ಏಳಿ. ಆ ಕೋಟು ಬಿಚ್ಚಿ ಕೊಡಿ ಇಲ್ಲಿ."

ಬಿಚ್ಚಿ ಕೊಟ್ಟೆ. ನಡೆಯುತ್ತಲೇ ತೋಳು ಒಳಗೆ ಸೇರಿಸಿ, ಕಾಲರ್ ಹೊರಳಿಸಿ, ಕಣ್ಣು ಮಿಟುಕಿಸುವುದರೊಳಗೆ ಚೌಕ ಮಾಡಿ ಚೀಲಕ್ಕೆ ಹಾಕಿದರು. "ಇಸ್ತ್ರಿ ಯಾರು ಮಾಡೋದು ನಿಮ್ಮನೇಲಿ? ಕಾಲರ್ ನಾಯಿ ಕಿವಿ ಆಗಿದೆ" ಎಂದರು.

ಹೊರಗೆ ಬೆಂಚಿನಲ್ಲಿ ಕೂತಿದ್ದೇವೆ. ಒಳಗೆ ಬಟ್ಟೆ ಬದಲಾಯಿಸುತ್ತಿದ್ದಾಳೆ. ಬಾಗಿಲಲ್ಲಿ ಇಬ್ಬರು ಟ್ರೈನಿಗಳು, ಕೊರಳಲ್ಲಿ ಸ್ಟೆತಾಸ್ಕೋಪು. ಒಳಗಿನಿಂದ ಅವಳ ದನಿ ಕೇಳಿಸುತ್ತಿದೆ — "ಒಬ್ರು ಸಾಕು. ಮೊದಲು ಕೈ ಬೆಚ್ಚಗೆ ಮಾಡ್ಕೊಳ್ಳಿ." ದೊಡ್ಡಮ್ಮ ನನ್ನ ಮೊಣಕೈ ಹಿಡಿದುಕೊಂಡಿದ್ದಾರೆ, ಎಡಗೈ, ಹಾಗಾಗಿ ಬರೆಯಲು ಆಗುತ್ತಿದೆ. ಹಿಡಿತ ಎಷ್ಟು ಗಟ್ಟಿ ಅಂದರೆ ನೋಯುತ್ತಿದೆ. ಬಿಡಿ ಅನ್ನಲು ಮನಸ್ಸಿಲ್ಲ.

ಕರೆದಳು. ನನ್ನನ್ನಷ್ಟೇ ಅಲ್ಲ, "ಅತ್ತೆ, ನೀವೂ" ಅಂತ. ದೊಡ್ಡಮ್ಮ ಎದ್ದೇ ಬಿಟ್ಟರು, ಕೈ ಬಿಡದೆ, ನನ್ನನ್ನೂ ಎಳೆದುಕೊಂಡು, ಇನ್ನೊಂದು ಸಾಲು ಬರೆಯಲೂ