ಗ್ಯಾರೇಜಿನ ಬಿಯರ್ ಕೆಟ್ಟದ್ದು ಹೇಗೆ

ಸ್ಕೋಫೀಲ್ಡ್ಸ್, ಸಿಡ್ನಿ
14 ಮೇ 2016, ಶನಿವಾರ

ಪ್ರೀತಿಯ ಮಗ ಗ್ಲಾಡ್ವಿನ್,

ಆರೋಗ್ಯವಾಗಿದ್ದೀಯಾ? ಮೆಲ್ಬರ್ನಿನ ಚಳಿ ನಮ್ಮ ಸಿಡ್ನಿಯದ್ದಕ್ಕಿಂತ ಕೆಟ್ಟದ್ದು ಎಂದು ಸೊಸೆ ಗ್ಲೆನಿಟಾ ಹೇಳಿದಳು. ಸಣ್ಣವನಿದ್ದಾಗಿನಿಂದಲೂ ನಿನಗೆ ಚಳಿ ನೇರ ಎದೆಗೇ ಇಳಿಯುತ್ತದೆ. ಕೆಲಸದ ಸೈಟಿಗೆ ಹೋಗುವಾಗ ಕಿವಿ ಮುಚ್ಚಿಕೋ. ಬ್ರೆಡ್ಡು ತಿಂದೇ ದಿನ ದೂಡಬೇಡ, ಒಂದು ಗಂಜಿ ಬೇಯಿಸಿಕೊಳ್ಳಲು ಎಷ್ಟು ಹೊತ್ತು ಬೇಕು. ಇಲ್ಲಿ ಎಲ್ಲರೂ ಸೌಖ್ಯ. ನನ್ನ ಮೊಣಕಾಲು ಮೊದಲಿನ ಹಾಗೇ ಇದೆ, ಅದರ ಬಗ್ಗೆ ಬರೆದು ಕಾಗದ ಹಾಳು ಮಾಡುವುದಿಲ್ಲ.

ಫೋನಿರುವಾಗ ಈ ಮುದುಕ ಪತ್ರ ಯಾಕೆ ಬರೆಯುತ್ತಾನೆ ಎಂದು ನೀನು ಕೇಳಬಹುದು. ಗಾಬರಿಯಾದರೆ ನನಗೆ ಮಾತು ತೊದಲುತ್ತದೆ, ತೊದಲಿದರೆ ನೀನು ಬೇರೆಯದೇ ಯೋಚಿಸುತ್ತೀಯ. ಹೋದ ಭಾನುವಾರ ಹಾಗೇ ಆಯಿತು. ‘ಪಪ್ಪಾ, ನೀವು ಈಗ ಮಲಗಿ, ನಾಳೆ ಮಾತಾಡುವ’ ಎಂದು ನೀನು ಫೋನ್ ಇಟ್ಟುಬಿಟ್ಟೆ. ಆಗ ಸಂಜೆ ಐದು ಗಂಟೆ. ಅದಕ್ಕೇ ಬರೆಯುತ್ತಿದ್ದೇನೆ. ಮನೆಮಾತು ಕೊಂಕಣಿಯಾದರೂ ಪತ್ರ ನನಗೆ ಬರುವುದು ಕನ್ನಡದಲ್ಲೇ, ಶಾಲೆಯ ಅಭ್ಯಾಸ. ಅಕ್ಷರ ನೋಡು. ಗೆರೆಯಿಲ್ಲದ ಹಾಳೆ, ಆದರೂ ಸಾಲು ಎಲ್ಲೂ ವಾಲಿಲ್ಲ. ಕುಡಿದವನ ಕೈ ಹೀಗೆ ಬರೆಯುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ಈಸ್ಟರಿಗೆ ನೀನು ಎರಡು ದಿನ ಬಂದಾಗಿನ ವಿಷಯ. ಅದಕ್ಕೂ ಮುಂಚೆ ನಿನ್ನ ಮಗಳು ಸೋನಲ್‌ಳ ಜೂನಿನ ಫಸ್ಟ್ ಕಮ್ಯೂನಿಯನ್, ಮೊದಲ ಪರಮಪ್ರಸಾದದ ಊಟಕ್ಕೆಂದು ನೀನೇ ಬಿಯರ್ ಮಾಡಿ, ಎರಡು ಉಕ್ಕಿನ ಕೆಗ್ಗಿಗೆ ತುಂಬಿಸಿ, ಗ್ಯಾರೇಜಿನ ಫ್ರಿಜ್ಜಿನಲ್ಲಿಟ್ಟು, ಹೊರಗಿನ, ನೊರೆ ಬರಿಸುವ ಸೋಡಾ ಗ್ಯಾಸ್ ಸಿಲಿಂಡರಿಗೆ ಜೋಡಿಸಿ ಮೆಲ್ಬರ್ನಿಗೆ ಹೋಗಿದ್ದೆ. ಬಂದವನೇ ಮೊದಲ ಕೆಗ್ಗಿನಿಂದ ಒಂದು ಗ್ಲಾಸು ಹಿಡಿದು, ಬಾಯಿಗೆ ಹಾಕಿ, ಸಿಂಕಿಗೆ ಉಗುಳಿದೆ. ನೊರೆ ಇರಲಿಲ್ಲ, ಸಪ್ಪೆಯಾಗಿತ್ತು. ಆಮೇಲೆ ಕಾರಿನ ಬಳಿ ಗ್ಲೆನಿಟಾಗೆ ಹೇಳಿದ್ದು ಗ್ಯಾರೇಜಿನೊಳಗಿದ್ದ ನನಗೆ ಕೇಳಿಸಿತು. ‘ಪಪ್ಪಾ ಕುಡಿದು ನೀರು ತುಂಬಿಸಿದ್ದಾರೆ. ಸೋನಲ್‌ಳನ್ನು ಅವರೊಬ್ಬರ ಹತ್ತಿರ ಬಿಡಬೇಡ.’ ಮರುವಾರದಿಂದಲೇ ಮಗುವನ್ನು ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುವ ಆಫ್ಟರ್ ಸ್ಕೂಲ್ ಕೇರ್‌ಗೆ ಹಾಕಿದ್ದಾಯಿತು. ಎರಡು ವರ್ಷ ಮೂರು ಗಂಟೆಗೆ ಸರಿಯಾಗಿ ಸ್ಕೂಲ್ ಗೇಟಿನ ಬಳಿ ನಿಂತವನು ನಾನು. ಅವಳ ಬ್ಯಾಗು ನನ್ನ ಹೆಗಲಿಗೆ, ಅವಳ ಇಂಗ್ಲಿಷ್ ನನ್ನ ಕಿವಿಗೆ, ಹಾಗೆ ಮನೆಯವರೆಗೆ ನಡೆದು ಬರುತ್ತಿದ್ದೆವು. ಈಗ ಮೂರು ಗಂಟೆಗೆ ಏನು ಮಾಡಬೇಕೆಂದು ತಿಳಿಯದೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತೇನೆ. ಗ್ಲೆನಿಟಾ ಒಳ್ಳೆಯವಳು, ಮುಖಕ್ಕೆ ಒಂದು ಮಾತೂ ಆಡುವುದಿಲ್ಲ. ನನಗೆ ಅದೇ ಹೆಚ್ಚು ಕಷ್ಟ.

ನಿನ್ನ ಸಂಶಯಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ತೊಂಬತ್ತೊಂಬತ್ತರಲ್ಲಿ ಕುಡಿದು ಬಂದು, ಹಾಲು ಬಿಸಿಗಿಟ್ಟು, ಮಲಗಿಬಿಟ್ಟವನು ನಾನೇ. ಹಾಲು ಉಕ್ಕಿ ಒಲೆ ಆರಿತ್ತು, ಗ್ಯಾಸು ಹರಿಯುತ್ತಲೇ ಇತ್ತು, ಬೆಳಿಗ್ಗೆ ನಿನ್ನ ಮಮ್ಮಿ ಬೆಂಕಿಕಡ್ಡಿ ಗೀರಿದಳು. ಆಮೇಲೆ ಅವಳಿಗೆ ಎಡಗೈ ಮುಷ್ಟಿ ಹಿಡಿಯಲು ಬರಲೇ ಇಲ್ಲ. ಆ ದಿನದಿಂದ ಇವತ್ತಿನವರೆಗೆ, ಹದಿನೇಳು ವರ್ಷ, ನಾನು ಒಂದು ತೊಟ್ಟು ಮುಟ್ಟಿಲ್ಲ. ನೀನು ಅದೇ ವರ್ಷ ದುಬೈಗೆ ಹೋದೆ, ಅಲ್ಲಿಂದ ಇಲ್ಲಿಗೆ ಬಂದೆ. ನಾನು ಕುಡಿದದ್ದನ್ನು ನೀನು ನೋಡಿದ್ದೀಯ, ಬಿಟ್ಟದ್ದನ್ನು ನೋಡಿದವಳು ನಿನ್ನ ಮಮ್ಮಿ ಕ್ಲೌಡಿಯಾ ಒಬ್ಬಳೇ. ಅವಳು ಈಗ ಸಾಕ್ಷಿಗೆ ಇಲ್ಲ. ಹಾಗಾಗಿ ಬೇರೆ ಸಾಕ್ಷಿ ಹುಡುಕಲು ಹೊರಟೆ.

ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹಂಚಿಗೆ ಬೆರಳಿನಿಂದ ತಟ್ಟಿ ಬಿರುಕು ಎಲ್ಲಿದೆ ಎಂದು ಹೇಳಿದವನು ನಾನು. ಕುಡಿಯದೆ ಬಿಯರಿನ ಬಿರುಕು ಹುಡುಕುವುದು ಅಷ್ಟು ಸುಲಭವಲ್ಲ. ಮೂಗು ನನ್ನದು, ನಾಲಿಗೆ ಬೇರೆಯವರದ್ದು ಆಗಬೇಕಾಯಿತು. ಪಕ್ಕದ ಬಡಾವಣೆ ದಿ ಪಾಂಡ್ಸ್‌ನಿಂದ ನಿನ್ನ ಗೆಳೆಯ ಹರ್ಮನ್‌ನನ್ನು ಕರೆಸಿದೆ. ನನ್ನ ಮಾತು ಕೇಳಿ ಅವನಿಗೆ ನಗು ಬಂತು. ಎರಡು ಗುಟುಕು ಕುಡಿದು, ‘ಅಂಕಲ್, ಇದು ನೀರು ಬೆರೆಸಿದ ಟೇಸ್ಟ್ ಅಲ್ಲ, ಒದ್ದೆ ರಟ್ಟಿನ ಟೇಸ್ಟ್’ ಎಂದ. ನಾನೂ ಮೂಸಿದೆ. ನಿಜ, ಮಳೆಗೆ ನೆನೆದ ಹಳೆಯ ನ್ಯೂಸ್‌ಪೇಪರಿನ ವಾಸನೆ. ಮುಖ್ಯವಾದದ್ದು ಎರಡನೇ ಕೆಗ್. ಅದರ ಮುಚ್ಚಳಕ್ಕೆ ನೀನು ತಾರೀಕು ಬರೆದು ಅಂಟಿಸಿದ ಟೇಪು ಹಾಗೇ ಇದೆ, ಯಾರೂ ಕಿತ್ತಿಲ್ಲ. ನಳ್ಳಿಯಿಂದ ಒಂದು ಗ್ಲಾಸು ಹಿಡಿದು ನೋಡಿದರೆ ಅದರಲ್ಲೂ ಅದೇ ರಟ್ಟಿನ ರುಚಿ ಶುರುವಾಗಿದೆ. ಟೇಪು ಕೀಳದೆ ನಾನು ನೀರು ತುಂಬಿಸುವುದು ಹೇಗೆ, ನೀನೇ ಹೇಳು. ಹರ್ಮನ್ ಟೇಪಿನ ಫೋಟೋ ತೆಗೆದಿದ್ದಾನೆ, ಕಳಿಸುತ್ತಾನೆ.

ಅಲ್ಲಿಗೇ ಬಿಡದೆ ನಾನು ಎರಡು ಬಸ್ಸು ಬದಲಿಸಿ, ಮನೆಯಲ್ಲಿ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿಗೆ ಹೋದೆ. ಹದಿನೇಳು ವರ್ಷದ ಮೇಲೆ ಅಂಥ ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ಒಂದು ಸಲ ಬಸ್ ಸ್ಟಾಪಿಗೆ ವಾಪಸು ನಡೆದಿದ್ದೆ, ಅದನ್ನೂ ಬರೆದುಬಿಡುತ್ತೇನೆ. ಅಲ್ಲಿಯ ಮುದುಕ ನನ್ನದೇ ವಯಸ್ಸಿನವನು, ತಾಳ್ಮೆಯಿಂದ ತಿಳಿಸಿದ. ಕೆಗ್ಗಿಗೆ ಹೋದ ಬಿಯರಿಗೆ ಗಾಳಿಯೇ ಶತ್ರುವಂತೆ. ಸ್ವಲ್ಪ ಒಳಗೆ ಸೇರಿದರೂ ಸಾಕು, ವಾರ ಕಳೆದ ಹಾಗೆ ರಟ್ಟಿನ ರುಚಿ ಏರುತ್ತದೆ. ಪೈಪು ತೊಳೆಯದಿದ್ದರೆ ಹುಳಿ, ಫ್ರಿಜ್ಜು ತಂಪಿಲ್ಲದಿದ್ದರೆ ಎಲ್ಲವೂ ಇನ್ನೂ ಬೇಗ. ಮನೆಗೆ ಬಂದು ಒಂದೊಂದೇ ನೋಡಿದೆ. ಪೈಪು ಶುದ್ಧವಾಗಿದೆ, ಫ್ರಿಜ್ಜಿನಲ್ಲಿ ನಾಲ್ಕು ಡಿಗ್ರಿ. ಮುಚ್ಚಳದ ರಬ್ಬರ್ ಬಳೆಗಳು ಮಾತ್ರ ಹಳೆಯವಾಗಿ ಗಟ್ಟಿಯಾಗಿವೆ ಎಂದು ಹರ್ಮನ್ ಹೇಳಿದ. ಒಳಗಿನಿಂದ ಗ್ಯಾಸು ಒತ್ತುತ್ತಿರುವವರೆಗೆ ಅವು ಹಿಡಿದುಕೊಳ್ಳುತ್ತವೆ, ಒತ್ತಡ ಇಳಿದರೆ ಸಡಿಲವಾಗಿ ಗಾಳಿಯನ್ನು ಒಳಗೆ ಬಿಡುತ್ತವೆ. ‘ಹಾಗಾದರೆ ಗ್ಯಾಸು ಆಗಾಗ ನಿಂತಿರಬೇಕು’ ಎಂದು ಅಂಗಡಿಯವನು ಮರುದಿನ ಫೋನಿನಲ್ಲಿ ಹೇಳಿದ. ‘ಇಲ್ಲ, ಯಾವಾಗಲೂ ತೆರೆದೇ ಇರುತ್ತದೆ’ ಎಂದೆ. ಅವನಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಸಿಲಿಂಡರಿನ ಮೀಟರೇ ಹಾಳಾಗಿರಬಹುದು ಎಂದು ನನ್ನ ಅಂದಾಜು. ನೀನು ಬಂದಾಗ ನೋಡು.

ಇಷ್ಟು ಬರೆದದ್ದು ಬಿಯರಿಗಾಗಿ ಅಲ್ಲ ಎಂದು ನಿನಗೂ ಗೊತ್ತು. ಬಿಯರ್ ಬೇಕಾದರೆ ಅಂಗಡಿಯಿಂದ ತಂದರಾಯಿತು. ಜೂನ್ ಹನ್ನೆರಡಕ್ಕೆ ಸೋನಲ್ ಬಿಳಿ ಗೌನು ಹಾಕಿ ಇಗರ್ಜಿಗೆ ಹೋಗುವಾಗ ಅವಳ ಕೈ ಹಿಡಿಯಲು ನನಗೆ ಯಾರ ಅಪ್ಪಣೆಯೂ ಬೇಕಾಗಬಾರದು. ಮೊನ್ನೆ ಅವಳು, ‘ಗ್ರ್ಯಾಂಡ್‌ಪಾ, ಆರ್ ಯೂ ಸಿಕ್?’ ಎಂದು ಕೇಳಿದಳು. ಮೊಣಕಾಲು ನೋವು ಎಂದೆ. ಮಗುವಿಗೆ ಸುಳ್ಳು ಹೇಳಿದೆ, ಅದು ಚುಚ್ಚುತ್ತಾ ಇದೆ. ಗ್ಲೆನಿಟಾಗೆ ನೀನು ಒಂದೇ ಒಂದು ಫೋನ್ ಮಾಡಿದರೆ ಸಾಕು, ಮರುದಿನವೇ ಮೂರು ಗಂಟೆಗೆ ನಾನು ಗೇಟಿನ ಬಳಿ ಇರುತ್ತೇನೆ.

ಮಮ್ಮಿ ಇದ್ದಿದ್ದರೆ ನಿನ್ನ ಹಣೆಗೆ ಶಿಲುಬೆಯ ಗುರುತು ಹಾಕಿ ಕಳಿಸುತ್ತಿದ್ದಳು. ಅವಳ ಪಾಲಿನದ್ದನ್ನೂ ನಾನೇ ಇಲ್ಲಿಂದ ಹಾಕಿದ್ದೇನೆ. ಕಿವಿ ಮುಚ್ಚಿಕೊಳ್ಳುವುದನ್ನು ಮರೆಯಬೇಡ.

ನಿನ್ನ ಪಪ್ಪಾ,
ಡೇನಿಯಲ್

ವಿ. ಸೂ.: ಲಕೋಟೆಗೆ ಹಾಕುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ವಾಲಿದ್ದರೆ ತಪ್ಪು ತಿಳಿಯಬೇಡ. ರಾತ್ರಿಯ ತೇರ್ಸ್, ಜಪಮಾಲೆಯ ಪ್ರಾರ್ಥನೆ ಮುಗಿಸಿ ಎಂದಿನಂತೆ ಗ್ಯಾರೇಜಿನ ಬಾಗಿಲು ಹಾಕಿದೆ, ಬಗ್ಗಿ ಸಿಲಿಂಡರಿನ ತಿರುಪು ಮುಚ್ಚಿದೆ. ಮುಚ್ಚಿದ ಮೇಲೆ ನನ್ನ ಕೈಯನ್ನೇ ನೋಡುತ್ತಾ ನಿಂತೆ. ಮಮ್ಮಿಯ ಕೈ ಸುಟ್ಟಂದಿನಿಂದ ಮಲಗುವ ಮುಂಚೆ ಸಿಲಿಂಡರ್ ಮುಚ್ಚದೆ ನಾನು ಮಲಗಿದ್ದಿಲ್ಲ, ಬೆಳಿಗ್ಗೆ ಎದ್ದು ತೆರೆಯುತ್ತೇನೆ. ಈ ಮನೆಯ ಅಡುಗೆಮನೆಯಲ್ಲಿ ಸಿಲಿಂಡರ್ ಇಲ್ಲ, ಇರುವುದು ನಿನ್ನದೊಂದೇ. ಅಂಗಡಿಯವನು ಕೇಳಿದಾಗ ನನಗೆ ಹೊಳೆಯಲೇ ಇಲ್ಲ ಮಗ. ಬಾಗಿಲು ಹಾಕುವುದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ. ರಾತ್ರಿಯೆಲ್ಲ ಒತ್ತಡ ಇಳಿದು ಗಾಳಿ ಸೇರಿದ್ದು ಹೀಗೆ, ನಿನ್ನ ಬಿಯರ್ ಕೆಡಿಸಿದವನು ನಾನೇ. ಈಗ ಮತ್ತೆ ತೆರೆದಿದ್ದೇನೆ. ಇದು ಬೆಂಕಿ ಹಿಡಿಯುವ ಗ್ಯಾಸ್ ಅಲ್ಲವೆಂದು ಹರ್ಮನ್ ಹೇಳಿದ್ದಾನೆ, ನನಗೂ ಗೊತ್ತು. ಆದರೆ ಸೋನಲ್ ಮಲಗುವ ಕೋಣೆ ಇದರ ಮೇಲೆಯೇ ಇದೆ. ಅದಕ್ಕೇ ಇಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೇನೆ.