ಬಲಗೈ ಮುಟ್ಟುವಲ್ಲೆಲ್ಲ

ಮನೆ, ಊಟದ ಮೇಜು
ಭಾನುವಾರ, ಮಧ್ಯಾಹ್ನ

ಪ್ರೀತಿಯ ಯಜಮಾನಿಯವರಿಗೆ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೋ, ಇಲ್ಲಾ ಮೊಮ್ಮಗಳನ್ನು ಎತ್ತಿ ಎತ್ತಿ ಇನ್ನಷ್ಟು ಹೆಚ್ಚಿಸಿಕೊಂಡೆಯೋ? ಮಗಳಿಗೆ ಈಗಲಾದರೂ ನಿದ್ದೆ ಸಿಗುತ್ತಿದೆಯೇ? ಅಳಿಯಂದಿರು ಕೆಲಸದ ಮೇಲೆ ಈ ಕಡೆ ಬಂದವರು ನಿನ್ನೆ ಸಂಜೆ ಮನೆಗೆ ಬಂದು ಉಳಿದುಕೊಂಡಿದ್ದಾರೆ. ಮಗುವಿನ ಫೋಟೋ ತೋರಿಸಿದರು. ಮೂಗು ನಿನ್ನದೇ. ಹಣೆ ಯಾರದೆಂದು ಗೊತ್ತಾಗಲಿಲ್ಲ. ಹಟ ಮಾತ್ರ ನಿಮ್ಮ ಮನೆ ಕಡೆಯದೇ ಆಗಿರುತ್ತದೆ, ಬೇಕಾದರೆ ಬರೆದುಕೊಡುತ್ತೇನೆ. ನಾಳೆ ಬೆಳಿಗ್ಗೆ ಅವರು ಹೊರಡುವಾಗ ಈ ಪತ್ರವನ್ನು ಅವರ ಕೈಯಲ್ಲಿ ಕೊಡುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನು ಮಾಡಿದರೆ ಪಕ್ಕದಲ್ಲಿ ಮಗಳಿರುತ್ತಾಳೆ, ಮಗು ಅಳುತ್ತಿರುತ್ತದೆ, ನೀನು 'ಆಮೇಲೆ ಮಾಡ್ತೀನಿ, ಇಡಿ' ಎನ್ನುತ್ತೀಯ. ಅಲ್ಲದೆ ನನ್ನ ದನಿ ಕೇಳಿದ ಕೂಡಲೇ ಏನೋ ಆಗಿದೆ ಎಂದು ನಿನಗೆ ತಿಳಿದುಬಿಡುತ್ತದೆ. ಕಾಗದದ ಮೇಲಾದರೆ ನನ್ನದೇ ದಾರಿಯಲ್ಲಿ, ನಿಧಾನವಾಗಿ ಹೇಳಬಹುದು.

ನಾನು ಚೆನ್ನಾಗಿದ್ದೇನೆ. ಕೂತಲ್ಲಿ ಕೂರಲು ಆಗುತ್ತಿಲ್ಲ, ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ, ಅಷ್ಟೇ. ಬೆಳಿಗ್ಗೆಯಿಂದ ತೊಳೆದ ಲೋಟಗಳನ್ನೇ ಮತ್ತೆ ತೊಳೆದಿಟ್ಟೆ. ಇವತ್ತು ರಜೆ ಎಂದು ಗೊತ್ತಿದ್ದೂ ಅಂಗಡಿಗೆ ಹೋಗಿ ಬಾಗಿಲು ತೆಗೆದು, ಕಪಾಟಿನಲ್ಲಿದ್ದ ಕನ್ನಡಕಗಳನ್ನೆಲ್ಲ ಒಂದೊಂದಾಗಿ ಒರೆಸಿ, ಮತ್ತೆ ಬಾಗಿಲು ಹಾಕಿಕೊಂಡು ಬಂದೆ. ಗಾಡಿ ಸ್ಟಾರ್ಟ್ ಮಾಡಿದೆ, ಎಲ್ಲಿಗೂ ಹೋಗದೆ ಆರಿಸಿದೆ. ಎದುರುಮನೆಯ ಟೀಚರಮ್ಮ ಕಿಟಕಿ ಮುಚ್ಚಿಕೊಂಡರು. ಈ ಪತ್ರದ ಮೊದಲ ಸಾಲು ಬರೆದು ಎದ್ದು ಹೋದವನು ಈಗ ಬಂದು ಕೂತಿದ್ದೇನೆ. ಇದನ್ನೆಲ್ಲ ಓದಿ ನೀನು ಹೊರಟು ಬರುವ ಯೋಚನೆ ಮಾಡಬೇಡ. ಮಗುವಿಗೆ ನೀನು ಬೇಕು. ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ.

ವಿಷಯ ಏನೆಂದರೆ, ನಿನ್ನೆ ಬೆಳಿಗ್ಗೆ ನಿನ್ನ ತಮ್ಮ ಮತ್ತು ನಾನು ಗಾಡಿಗಳನ್ನು ಅದಲು ಬದಲು ಮಾಡಿಕೊಂಡು ಓಡಿಸಿದೆವು. ಇದೇನು ದೊಡ್ಡ ಸುದ್ದಿ ಎಂದು ಬೇರೆ ಯಾರಾದರೂ ಕೇಳಿಯಾರು, ನೀನು ಕೇಳಲಾರೆ. ನಮ್ಮ ಮದುವೆಯಾದ ಹೊಸತರಲ್ಲಿ ಗುಜರಿಯವನ ಹಿತ್ತಲಲ್ಲಿ ಅಕ್ಕಪಕ್ಕ ಬಿದ್ದಿದ್ದ ಆ ಎರಡು ಕಾರುಗಳನ್ನು ನಾವಿಬ್ಬರೂ ಎಳೆದುಕೊಂಡು ಬಂದ ದಿನ ನಿನ್ನ ಮುಖ ಹೇಗಿತ್ತೆಂದು ನನಗಿನ್ನೂ ನೆನಪಿದೆ. ಒಂದೇ ಮಾದರಿ, ಒಂದೇ ವರ್ಷದವು, ಎರಡೇ ಬಾಗಿಲು, ಎಂಜಿನ್ ಹಿಂಬದಿಯಲ್ಲಿ. ನೀರು ಎಲ್ಲಿ ಹಾಕ್ತೀರಿ ಎಂದು ನೀನು ಕೇಳಿದೆ. ಈ ಗಾಡಿಗೆ ನೀರೇ ಬೇಡ ಅಕ್ಕ, ಗಾಳಿಯಲ್ಲೇ ತಣ್ಣಗಾಗುತ್ತೆ ಎಂದು ನಿನ್ನ ತಮ್ಮ ಹೆಮ್ಮೆಯಿಂದ ಹೇಳಿದಾಗ, 'ಸರಿಹೋಯ್ತು, ಗಾಳಿಮಾತಿನವರಿಗೆ ಗಾಳಿಗಾಡಿ' ಎಂದು ಒಳಗೆ ಹೋದವಳು ನೀನು. ಅಂದಿನಿಂದ ಯಾರ ಗಾಡಿ ಮೇಲು ಎಂಬ ಜಗಳ ಮುಗಿದಿಲ್ಲ. ತಟ್ಟೆ ಎತ್ತುವವರೆಗೆ ಗಾಡಿಯ ಮಾತು ಆಡಕೂಡದು ಎಂದು ನೀನು ಕಾನೂನು ಮಾಡಿದೆ. ನಾವಿಬ್ಬರೂ ಗಬಗಬ ತಿಂದು ಎದ್ದೆವು. ಅಷ್ಟೆಲ್ಲ ಜಗಳವಾಡಿದರೂ ಒಬ್ಬರ ಗಾಡಿಯನ್ನು ಇನ್ನೊಬ್ಬರು ಓಡಿಸಿದ್ದೇ ಇಲ್ಲ. ಸೋತರೆ ಎಂಬ ಭಯ ಇಬ್ಬರಿಗೂ ಇತ್ತು ಎಂದು ಈಗ ಹೇಳಿದರೆ ತಪ್ಪಿಲ್ಲ.

ನನ್ನದನ್ನು ನಾನು ಏನೇನು ಮಾಡಿದ್ದೇನೆಂದು ಇಡೀ ಬೀದಿಗೇ ಗೊತ್ತು. ಎಂಜಿನ್ ಬಿಚ್ಚಿ ಸಿಲಿಂಡರುಗಳನ್ನು ದೊಡ್ಡದು ಮಾಡಿಸಿದೆ, ಕಾರ್ಬ್ಯುರೇಟರ್ ಬದಲಿಸಿದೆ, ಹಿಂದಿನ ಸೀಟು ಕಿತ್ತೆಸೆದೆ, ಸ್ಪ್ರಿಂಗುಗಳನ್ನು ಎಷ್ಟು ಬಿಗಿ ಮಾಡಿಸಿದೆನೆಂದರೆ ನಾಣ್ಯದ ಮೇಲೆ ಚಕ್ರ ಹೋದರೂ ಅದು ಯಾವ ನಾಣ್ಯವೆಂದು ಬೆನ್ನಿಗೆ ಗೊತ್ತಾಗುತ್ತದೆ. ತೂಕ ಕಡಿಮೆಯಾಗಲೆಂದು ಬಾಗಿಲ ಹಿಡಿಕೆ ತೆಗೆದು ಬರೀ ಪಟ್ಟಿ ಹಾಕಿಸಿದೆ. ಸ್ಟೀರಿಂಗ್ ಚಕ್ರವೂ ಚಿಕ್ಕದು, ಪೈಲ್ವಾನನ ತೋಳಿನ ಹಾಗೆ ಗಡುಸು. ನಿನ್ನ ತಮ್ಮನದು ತದ್ವಿರುದ್ಧ. ಹೊರಗಿನಿಂದ ನೋಡಿದರೆ ಕಾರ್ಖಾನೆಯಿಂದ ನಿನ್ನೆ ಬಂದ ಹಾಗಿದೆ. ಒಳಗೆ ಬ್ರೇಕು ಬೇರೆ, ಗೇರುಗಳ ಅಳತೆ ಬೇರೆ, ಸೀಟಿನ ಹೊದಿಕೆ ಅವನೇ ಕತ್ತರಿಸಿ ಹೊಲಿದದ್ದು. ಅವನ ಕೈಯಿಂದ ಸೂಟು ಹೊಲಿಸಿಕೊಂಡವರು ಬೇರೆ ದರ್ಜಿಯ ಹತ್ತಿರ ಹೋಗುವುದಿಲ್ಲವಲ್ಲ, ಆ ಸೀಟಿನಲ್ಲಿ ಕೂತರೂ ಹಾಗೆಯೇ. 'ಆಲ್ಟರ್ ಮಾಡಿದ್ದು ಕಣ್ಣಿಗೆ ಗೊತ್ತಾಗ್ಬಾರ್ದು ಭಾವ, ಮೈಗೆ ಗೊತ್ತಾಗ್ಬೇಕು' ಎನ್ನುತ್ತಿದ್ದ. ಅದು ಅಜ್ಜಿಯರ ಗಾಡಿ ಎಂದು ನಾನು ಹಂಗಿಸುತ್ತಿದ್ದೆ.

ಮೊನ್ನೆ ಅವನೇ ಅಂಗಡಿಗೆ ಬಂದು, ಒಂದು ಸಲ ಬದಲಾಯಿಸಿಕೊಂಡು ಓಡಿಸೋಣ ಎಂದ. ನಾನು ನಂಬಲಿಲ್ಲ. ಮುಖ ನೋಡಿದರೆ ತಮಾಷೆ ಇರಲಿಲ್ಲ. ನಿನ್ನೆ ಬೆಳಿಗ್ಗೆ ಜನಸಂಚಾರ ಶುರುವಾಗುವ ಮೊದಲೇ ನೀರಿನ ಟ್ಯಾಂಕಿನ ಗುಡ್ಡದ ಬುಡಕ್ಕೆ ಹೋಗಿ ಕೀಲಿಗಳನ್ನು ಬದಲಾಯಿಸಿಕೊಂಡೆವು. ಅವನ ಕೀಲಿಗೆ ದಪ್ಪನೆಯ ಮರದ ತಲೆ ಕೂರಿಸಿ ಮೇಲೆ ಚರ್ಮ ಹೊಲಿದಿದ್ದ. ಮಕ್ಕಳ ಆಟಿಕೆಯಂತಿದೆ ಎಂದು ನಕ್ಕೆ. ಅವನೂ ನಕ್ಕ. ನಾನು ಮುಂದೆ, ಅವನು ಹಿಂದೆ ಎಂದಾಯಿತು.

ನಿನ್ನಾಣೆಗೂ ಹೇಳುತ್ತೇನೆ, ಅಂಥ ಗಾಡಿಯನ್ನು ನಾನು ಓಡಿಸಿರಲಿಲ್ಲ. ನೇರ ದಾರಿಯಲ್ಲಿ ನನ್ನದು ಮುಂದೆ ನುಗ್ಗುತ್ತದೆ, ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ತಿರುವು ಬಂದಾಗ ನನ್ನ ಗಾಡಿಯನ್ನು ನಾನು ಬೈದು, ಬೆದರಿಸಿ ತಿರುಗಿಸಬೇಕು. ಎಂಜಿನ್ ಹಿಂದಿರುವ ಗಾಡಿ ಅದು, ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಮೇಲಿಂದ ಕಾಲೆತ್ತಿದರೆ ಹಿಂಭಾಗ ಮುನಿಸಿಕೊಂಡು ಹೊರಗೆ ಹೊರಟುಬಿಡುತ್ತದೆ. ಅವನ ಗಾಡಿಗೆ ಅಂಥ ಮುನಿಸೇ ಇಲ್ಲ. ಹೇಳಿದ ಕಡೆ ಹೋಗುತ್ತದೆ, ಹೇಳುವ ಮೊದಲೇ ಹೋದಂತಿರುತ್ತದೆ. ಬೆನ್ನ ಹಿಂದೆ ಎಂಜಿನ್ನಿನ ಆ ಒಣ ಗರಗರ ಸದ್ದು ನನ್ನದರಲ್ಲಿ ಕಿವಿ ಕೊರೆಯುತ್ತದೆ, ಅವನದರಲ್ಲಿ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡಿದ ಹಾಗೆ. ಮೂರನೆಯ ತಿರುವಿನ ಹೊತ್ತಿಗೆ ನಾನು ಸೋತಿದ್ದೆ. ಸೋತು ಸಂತೋಷವೂ ಆಗಿತ್ತು.

ಅಷ್ಟರಲ್ಲಿ ಸ್ಟೀರಿಂಗಿನ ಬಲಭಾಗ ಕೈಗೆ ಬೇರೆಯಾಗಿ ತಾಕಿತು. ಎಡ ಅರ್ಧಕ್ಕೆ ಮೊದಲಿದ್ದ ತೆಳು ಚರ್ಮ. ಬಲ ಅರ್ಧಕ್ಕೆ ಮಾತ್ರ ಒಳಗೆ ಬಟ್ಟೆ ತುಂಬಿ ದಪ್ಪ ಮಾಡಿ ಹೊಲಿದಿದ್ದ, ಮುಷ್ಟಿ ಪೂರ್ತಿ ಮುಚ್ಚದಿದ್ದರೂ ಹಿಡಿತ ಸಿಗುವ ಹಾಗೆ. ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಬಲಗಡೆಯ ಇಂಡಿಕೇಟರ್ ಕಡ್ಡಿಗೆ ತುಂಡು ಸೇರಿಸಿ ಉದ್ದ ಮಾಡಿದ್ದಾನೆ, ಬೆರಳು ಬೇಡ, ಅಂಗೈಯಲ್ಲೇ ತಳ್ಳಬಹುದು. ಬಲಗಡೆಯ ಕಿಟಕಿ ಗಾಜು ಇಳಿಸುವ ಹಿಡಿಕೆ ದೊಡ್ಡದಾಗಿದೆ. ಬಾಗಿಲಿಗೆ ಚರ್ಮದ ಕುಣಿಕೆ, ಬೆರಳಲ್ಲ, ಇಡೀ ಮಣಿಕಟ್ಟನ್ನೇ ತೂರಿಸುವಷ್ಟು ಅಗಲ. ಕೀಲಿಯೂ ಬಲಗಡೆಯೇ. ಎಡಗಡೆ ಗೇರಿನ ಕೋಲು, ಹ್ಯಾಂಡ್‌ಬ್ರೇಕು, ರೇಡಿಯೋ ತಿರುಪು ಎಲ್ಲ ಗುಜರಿಯವನ ಹಿತ್ತಲಿಂದ ಬಂದಾಗ ಹೇಗಿದ್ದವೋ ಹಾಗೇ ಇವೆ. ಬಲಗೈ ಮುಟ್ಟುವಲ್ಲೆಲ್ಲ ಅವನು ಗಾಡಿಯನ್ನು ಬದಲಾಯಿಸಿದ್ದ. ಆಗ ನೆನಪಾಯಿತು. ಈ ವರ್ಷ ಅವನು ಕನ್ನಡಕ ಸರಿಯಿಲ್ಲ, ಬಟ್ಟೆಯ ಮೇಲೆ ಗೆರೆ ನೆಟ್ಟಗೆ ಬರ್ತಿಲ್ಲ ಎಂದು ಮತ್ತೆ ಮತ್ತೆ ಬಂದಿದ್ದ. ಪ್ರತಿ ಸಲ ಕಣ್ಣು ಪರೀಕ್ಷೆ ಮಾಡಿ, ನಿನ್ನ ಕಣ್ಣು ಹದ್ದಿನ ಕಣ್ಣಪ್ಪ ಎಂದು ಕಳಿಸಿದ್ದೆ.

ಕನ್ನಡಿಯಲ್ಲಿ ನೋಡಿದರೆ ಹಿಂದೆ ನನ್ನ ಗಾಡಿ ಇರಲಿಲ್ಲ. ಎಷ್ಟು ಹೊತ್ತಿನಿಂದ ಇಲ್ಲವೋ ತಿಳಿಯದು, ನಾನು ಒಳಗಿನದನ್ನು ನೋಡುವುದರಲ್ಲಿ ಮುಳುಗಿದ್ದೆ. ತಿರುಗಿಸಿಕೊಂಡು ಇಳಿದು ಬಂದೆ. ಎರಡನೆಯ ತಿರುವಿನಲ್ಲಿ ನನ್ನ ಗಾಡಿ ರಸ್ತೆ ಬಿಟ್ಟು ಹುಲ್ಲಿನ ಮೇಲೆ ನಿಂತಿತ್ತು, ಮುಂದಿನ ಚಕ್ರ ಚರಂಡಿಯ ಅಂಚಿಗೆ ಬಂದಿತ್ತು. ನಿನ್ನ ತಮ್ಮ ಒಳಗೇ ಕೂತಿದ್ದ, ಎರಡೂ ಕೈ ತೊಡೆಯ ಮೇಲೆ. ಗಾಬರಿಯಾಗಬೇಡ, ಅವನಿಗೆ ಒಂದು ಗೀರೂ ಆಗಿಲ್ಲ. ನಾನು ಓಡಿಹೋಗಿ ಬಾಗಿಲು ತೆಗೆದೆ. ನನ್ನ ಕಡೆ ನೋಡದೆ ಹೇಳಿದ: 'ಗಾಡಿಗೇನೂ ಆಗಿಲ್ಲ ಭಾವ. ಕೈಗೇ ಆಗಿರೋದು.'

ಹುಲ್ಲಿನ ಮೇಲೇ ಕೂತೆವು. ಹೋದ ಚಳಿಗಾಲದಲ್ಲಿ ಕಿರುಬೆರಳಿಂದ ಶುರುವಾಯಿತಂತೆ. ಜೋಮು ಎಂದುಕೊಂಡನಂತೆ. ಆಮೇಲೆ ಕತ್ತರಿ ಕೈಯಿಂದ ಜಾರತೊಡಗಿದೆ. ಈಗ ಬಟ್ಟೆ ಕತ್ತರಿಸುವುದೆಲ್ಲ ಅಂಗಡಿಯ ಹಳೇ ಕೆಲಸಗಾರನೇ. ಇವನು ಅಳತೆ ತೆಗೆದುಕೊಂಡು, ಗಿರಾಕಿಗಳ ಜೊತೆ ಮಾತಾಡಿಕೊಂಡು ನಿಂತಿರುತ್ತಾನೆ. ಒಂದೊಂದು ಬೆರಳು ಕೈಕೊಟ್ಟಾಗಲೂ ಗಾಡಿಯಲ್ಲಿ ಒಂದೊಂದನ್ನು ಬದಲಾಯಿಸುತ್ತಾ ಬಂದಿದ್ದಾನೆ. ಡಾಕ್ಟರಿಗೆ ತೋರಿಸಿದ್ದಾನೆ. ಕತ್ತಿನಲ್ಲಿ ನರ ಒತ್ತುತ್ತಿರಬಹುದು, ತಡ ಮಾಡದೆ ನರದ ಡಾಕ್ಟರ ಹತ್ತಿರ ಹೋಗಿ, ಆಪರೇಷನ್ ಬೇಕಾದರೂ ಬೇಕಾಗಬಹುದು ಎಂದರಂತೆ. ಯಾಕೆ ಹೋಗಲಿಲ್ಲ ಎಂದು ಗದರಿದೆ. 'ಕತ್ತರಿ ಹಿಡಿಯೋದು ನನ್ನ ಕಸುಬು ಭಾವ, ಕತ್ತರಿಗೆ ಕತ್ತು ಕೊಡೋದಲ್ಲ' ಎಂದು ನಗಲು ನೋಡಿದ, ಆಗಲಿಲ್ಲ. ಹೀಗಿರುವಾಗ ನನ್ನ ಗಡುಸು ಗಾಡಿಯನ್ನು ಗುಡ್ಡದ ಮೇಲೆ ಓಡಿಸುವ ಹುಚ್ಚು ಯಾಕೆ, ಎದುರಿಗೆ ಯಾರಾದರೂ ಬಂದಿದ್ದರೆ ಎಂದು ಕೇಳಿದೆ. ಹುಲ್ಲು ಕೀಳತೊಡಗಿದ, ಎಡಗೈಯಲ್ಲಿ. ಆಮೇಲೆ ಹೇಳಿದ: 'ಇಷ್ಟು ವರ್ಷ ಅದನ್ನ ಬೈದೆ. ಒಂದ್ಸಲನಾದ್ರೂ ಓಡಿಸ್ಬೇಕು ಅನ್ನಿಸ್ತು. ಇನ್ಮೇಲೆ ಆಗುತ್ತೋ ಇಲ್ವೋ.'

ನಾನು ಅವನ ಗಾಡಿ ನನ್ನದಕ್ಕಿಂತ ಮೇಲು ಎಂದು ಒಪ್ಪಿಕೊಂಡೆ. ಸಮಾಧಾನಕ್ಕೆ ಹೇಳಿದ ಮಾತಲ್ಲ, ನಿಜ. ಅವನು ತಲೆ ಅಲ್ಲಾಡಿಸಿದ, ಅಷ್ಟೇ. ಇಷ್ಟು ವರ್ಷ ಕಾದ ಮಾತು ಹೀಗೆ ಹುಲ್ಲಿನ ಮೇಲೆ ಬಿದ್ದುಹೋಯಿತಲ್ಲ ಎಂದು ನನಗೆ ಅಳು ಬಂತು. ಅಕ್ಕನಿಗೆ ಹೇಳಬೇಡಿ, ಮಗು ಬಿಟ್ಟು ಓಡಿ ಬರುತ್ತಾಳೆ ಎಂದ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಒಂದಿಡೀ ದಿನ ಬಾಯಿ ಮುಚ್ಚಿಕೊಂಡು ನೋಡಿದೆ. ಲೋಟ ತೊಳೆದೆ, ಕನ್ನಡಕ ಒರೆಸಿದೆ. ಆಗಲಿಲ್ಲ. ತಾಯಿ ಹೋದ ಮೇಲೆ ಅವನಿಗೆ ಊಟ ಹಾಕಿ, ಓದಿಸಿ, ದರ್ಜಿಯ ಹತ್ತಿರ ಕೆಲಸ ಕಲಿಯಲು ಕೈಹಿಡಿದು ಕರೆದುಕೊಂಡು ಹೋದವಳು ನೀನು. ನಿನಗೆ ಹೇಳದೆ ನಾನು ಇನ್ನಾರಿಗೆ ಹೇಳಲಿ?

ಆದರೂ ನೀನು ಬರುವುದು ಬೇಡ. ಮಗು ಇನ್ನೂ ಎಳೆಯದು. ಎರಡು ವಾರ ಕಳೆದು ನಿಧಾನವಾಗಿ ಬಾ. ಅಷ್ಟರಲ್ಲಿ ನಾನು ಅವನನ್ನು ಒಪ್ಪಿಸುತ್ತೇನೆ. ಒಪ್ಪದಿದ್ದರೆ ಹೊತ್ತುಕೊಂಡಾದರೂ ಹೋಗುತ್ತೇನೆ. ನನ್ನ ಸೊಂಟ ನಿನ್ನದಕ್ಕಿಂತ ಗಟ್ಟಿಯಾಗಿದೆ. ನೀನು ಅಲ್ಲಿ ನೆಮ್ಮದಿಯಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ಹಾಕುವ ಹನಿ ಮರೆಯಬೇಡ. ಮಗಳ ತಲೆ ಸವರಿ ಅಪ್ಪ ಕೇಳಿದರು ಎಂದು ಹೇಳು. ಆ ಪುಟ್ಟ ಹಟಮಾರಿಗೆ ತಾತನ ಆಶೀರ್ವಾದ; ಅವಳು ನೂರು ವರ್ಷ ಎಲ್ಲರಿಗೂ ಎದುರು ಮಾತಾಡಿಕೊಂಡು ಬಾಳಲಿ.

ಎಂದೆಂದಿಗೂ ನಿನ್ನವನಾದ,
ನಿಮ್ಮ ಮನೆಯ ಕನ್ನಡಕದವನು

ಮತ್ತೊಂದು ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅವನು ಬಂದ. ನಡೆದುಕೊಂಡೇ ಬಂದಿದ್ದಾನೆ. ಚಹಾ ಕೊಟ್ಟರೆ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿದ. ಬೆಳಿಗ್ಗೆಯಿಂದ ಎಡಗೈ ಬೆರಳುಗಳಿಗೂ ಜೋಮು ಹಿಡಿದಿದೆಯಂತೆ. ಈಗಲೇ ಆಸ್ಪತ್ರೆಗೆ ಹೊರಡು ಎಂದೆ, ಬೇಡಿಕೊಂಡೆ, ಬೈದೆ. ನೆಲ ನೋಡುತ್ತಾ 'ಅಕ್ಕ ಬರ್ಲಿ' ಎಂದ. ಅಳಿಯಂದಿರು ಇದನ್ನು ಕೇಳಿ ನಾಳೆಯವರೆಗೆ ಕಾಯುವುದಿಲ್ಲ ಎಂದು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ರಾತ್ರಿ ಊಟದ ಹೊತ್ತಿಗೆ ಇದು ನಿನ್ನ ಕೈ ಸೇರುತ್ತದೆ. ಮಗಳನ್ನೂ ಮಗುವನ್ನೂ ಅವರು ನೋಡಿಕೊಳ್ಳುತ್ತಾರೆ. ಬರಬೇಡ ಎಂದು ಮೇಲೆ ಬರೆದದ್ದನ್ನೆಲ್ಲ ಹೊಡೆದುಹಾಕಲು ನನಗೆ ಹೊತ್ತಿಲ್ಲ, ನೀನೇ ಹೊಡೆದುಹಾಕಿಕೊ. ಬೆಳಗಿನ ಮೊದಲ ಬಸ್ಸು ಹಿಡಿ. ನಾವಿಬ್ಬರೂ ನಿಲ್ದಾಣದಲ್ಲಿರುತ್ತೇವೆ. ಅಲ್ಲಿಂದ ನೇರ ಆಸ್ಪತ್ರೆಗೆ. ಬಾ.